ಸುಮ್ಮನೆ ಹೊರಟ ಸೈಕಲ್ಲು

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಗೋವಿನಜೋಳದ ಹಳದಿ ಪುಡಿ ಸದಾ ತುಂಬಿರುತ್ತಿತ್ತು. ಕಾಲುವೆ ದಾರಿಯ ಮೇಲೆ ಒಣಗಲು ಹರವಿದ ಕಾಳಿನೊಳಗೆ ಬರಿಗಾಲಲ್ಲಿ ಪಾದ ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯುವರು. ಹಿಂದೆ ಗೆರೆ ಬೀಳುತ್ತಿತ್ತು, ಅಡಿಯ ಕಾಳು ಬಿಸಿಲಿಗೆ ಬರುತ್ತಿತ್ತು. ಕಾಲು ಕಾಳಿನಲ್ಲಿದ್ದರೂ ಕಣ್ಣು ಮಾತ್ರ ದಾರಿಯ ಮೇಲೆ. ಯಾರಾದರೂ ಬಂದರೆ ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, ಗುರಿ ಇಟ್ಟವರ ಹಾಗೆ ನೋಡುತ್ತಿದ್ದರು. ಸುತ್ತಲಿನ ಹೊಲದವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ನಾನು ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ ಅಂತ ಹೆದ್ದಾರಿಯಲ್ಲೇ ಬಸ್ಸು ಓಡಿಸಿ ನಿವೃತ್ತನಾದವನು. ಹಾರ್ನ್ ಹೊಡೆದೂ ಹೊಡೆದೂ, ಹೊಡೆಸಿಕೊಂಡೂ ಕಿವಿ ರೋಸಿಹೋಗಿತ್ತು. ಬ್ಯಾಡಗಿಯ ಮನೆಯಲ್ಲಿ ಸುಮ್ಮನೆ ಕೂತರೂ ತಲೆಯೊಳಗೆ ಲಾರಿಗಳೇ. ತಡೆಯಲಾರದೆ ಒಂದು ಸೈಕಲ್ಲು, ತಲೆಗೊಂದು ಹೆಲ್ಮೆಟ್ಟು ಕೊಂಡೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ದಾಟಿ, ಹೊಲದ ದಾರಿ ಹಿಡಿದು ಕಾಲುವೆಯ ಏರಿ ಹತ್ತಿದರೆ, ಅಬ್ಬಾ, ಅದೇನು ನೆಮ್ಮದಿ! ಒಂದು ಕಡೆ ನೀರು, ಇನ್ನೊಂದು ಕಡೆ ಮೆಣಸಿನಗಿಡ, ಹತ್ತಿ. ಬಸ್ಸಿಲ್ಲ, ಲಾರಿಯಿಲ್ಲ, ಕೈ ಅಡ್ಡ ಹಿಡಿದು ನಿಲ್ಲಿಸುವ ಪ್ರಯಾಣಿಕರಿಲ್ಲ. ಹಾಗಂದುಕೊಂಡು ಹೋಗುತ್ತಿದ್ದಾಗಲೇ ಚಾಚಾ ಕೈ ಅಡ್ಡ ಹಿಡಿದರು.

"ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ರಿ. ಹಿಂಗ ಸುಮ್ನ."

"ಸುಮ್ನ ಯಾರರ ಹೋಗ್ತಾರೇನ್ರಿ? ದನಾ ಸೈತ ಸುಮ್ನ ಹೋಗೂದಿಲ್ಲ."

ಬಸ್ಸಿನ ಡ್ರೈವರ್ ಆಗಿದ್ದೆ ಅಂದರೆ ಅದನ್ನೂ ನಂಬಲಿಲ್ಲ. "ಡ್ರೈವರ್ ಆದಾಂವ ಸೈಕಲ್ ಯಾಕ ತುಳೀತಾನ?" ಅಂದರು. ಆದರೂ ಅಂದಿನಿಂದ ನನ್ನನ್ನು ಕರೆದದ್ದು 'ಡ್ರೈವರ್ ಸಾಹೇಬ್ರ' ಅಂತಲೇ, ಅದೂ ಒಂಥರಾ ಎಳೆದು.

ಆಮೇಲೆ ದಿನಾ ಇದೇ ಆಯಿತು. ಅವರ ಕಾಳಿನ ಹತ್ತಿರ ಇಳಿಯಬೇಕು, ಪ್ರಶ್ನೆ ಕೇಳಿಸಿಕೊಳ್ಳಬೇಕು, ಸೈಕಲ್ಲು ನೂಕಿಕೊಂಡು ದಾಟಬೇಕು. ಅವರ ಲೆಕ್ಕದಲ್ಲಿ ಒಂದು ದಿನ ನಾನು ನೀರಾವರಿ ಇಲಾಖೆಯವನು, ಕಾಲುವೆಗೆ ಪಂಪು ಇಟ್ಟವರನ್ನು ಹಿಡಿಯಲು ಬಂದವನು. ಇನ್ನೊಂದು ದಿನ ಹೊಲ ಕೊಳ್ಳುವವರ ದಲ್ಲಾಳಿ. ಮತ್ತೊಂದು ದಿನ, "ಮುಂದಿನ ಹಳ್ಳ್ಯಾಗ ಎರಡನೇ ಮನಿ ಏನರ ಮಾಡೀರೇನು?" ಅಂತ ದನಿ ತಗ್ಗಿಸಿ ಕೇಳಿದರು. ಅವರಿಗೆ ಅನುಮಾನವಿಲ್ಲದ್ದು ಯಾವುದಿತ್ತು? ಟಿವಿಯ ಹವಾಮಾನದ ಮೇಲೆ ಅನುಮಾನ, ಮೋಡದ ಮೇಲೆ ಅನುಮಾನ. ಕಾಳಿನ ತೇವ ಅಳೆಯುವ ವ್ಯಾಪಾರಿಯ ಡಬ್ಬಿಯನ್ನಂತೂ, "ಅದು ಅವನ ಕೈಯಾಗ ಬೆಳದೈತಿ, ಅವನ ಮಾತ ಕೇಳತೈತಿ" ಅಂತ ಬೈಯುತ್ತಿದ್ದರು.

ನಾನೇನು ಕಡಿಮೆಯೇ! ಕಾಳಿನ ಸುತ್ತ ಅವರು ಇಟ್ಟ ಕಲ್ಲುಗಳು ನನ್ನನ್ನು ಕೆಡವಲಿಕ್ಕೇ ಇಟ್ಟವು ಅಂತ ನನಗೆ ಖಾತ್ರಿಯಿತ್ತು. ಬಸ್ಸು ಓಡಿಸುವಾಗ ರಸ್ತೆ ಮೇಲೆ ಒಕ್ಕಣೆ ಹಾಕಿದವರನ್ನು ಎಷ್ಟು ಶಪಿಸಿದ್ದೆನೋ. ಆದರೆ ಒಂದು ಮಾತು ಹೇಳಲೇಬೇಕು. ನಿವೃತ್ತನಾದ ಮೇಲೆ ನಾನು ಎಲ್ಲಿಗೆ ಹೊರಟೆ ಅಂತ ಮನೆಯಲ್ಲೂ ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದವರು ಈ ಸಂಶಯದ ಮನುಷ್ಯ ಒಬ್ಬರೇ. ಅವರು ಕಾಣದ ದಿನ ಸೈಕಲ್ಲು ತುಳಿದ ಹಾಗೇ ಅನ್ನಿಸುತ್ತಿರಲಿಲ್ಲ.

ಆ ವರ್ಷ ಯಾರೋ ದೂರು ಕೊಟ್ಟರು. ನೀರಾವರಿ ಇಲಾಖೆಯ ಜೀಪು ಬಂತು. ದಾರಿ ಮೇಲೆ ಕಾಳು ಹಾಕುವಂತಿಲ್ಲ, ಸಂಜೆಯೊಳಗೆ ಖಾಲಿ ಮಾಡಿ ಅಂದರು. ಇನ್ನೂ ಹಸಿಯಿದ್ದ ಕಾಳನ್ನು ಚಾಚಾ ಮತ್ತು ಅವರ ಹೆಂಡತಿ ಚಾಚಿ ಬಳಿದು ಹೊಲದಲ್ಲಿ ರಾಶಿ ಹಾಕಿ ತಾಡಪತ್ರಿ ಹೊದಿಸಿದರು. ಅದರ ಮೇಲೆ ಅಕಾಲದ ಮಳೆ ಜಡಿಯಿತು. ಮಳೆ ನಿಂತ ಮೇಲೆ ನಾನು ಹೋದಾಗ ಚಾಚಾ ರಾಶಿಯೊಳಗೆ ಕೈ ಹಾಕಿ ಬೂಷ್ಟು ಹಿಡಿದ ಕಾಳು ತೆಗೆಯುತ್ತಿದ್ದರು. ನನ್ನನ್ನು ನೋಡಿದರು, ಕೈ ಅಡ್ಡ ಹಿಡಿಯಲಿಲ್ಲ. ನಾನೇ ಇಳಿದೆ.

"ಎಲ್ಲಿಗೆ ಅಂತ ಕೇಳೂದಿಲ್ಲೇನ್ರಿ ಚಾಚಾ?"

"ಕೇಳೂದೇನೈತ್ರಿ? ಈಗ ತಿಳೀತಲ್ಲ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ದೂರು ಕೊಟ್ಟವನು ನಾನಲ್ಲ ಅಂತ ಆಣೆ ಮಾಡಿದೆ. ಅವರು ತಲೆ ಎತ್ತಲಿಲ್ಲ. ಅಂದು ಊಟ ಸೇರಲಿಲ್ಲ. "ಬ್ಯಾರೆ ದಾರಿ ಇಲ್ಲೇನ್ರಿ ಊರಾಗ?" ಅಂದಳು ನನ್ನ ಹೆಂಡತಿ. ಇದ್ದವು. ಆದರೆ ಆ ಮನುಷ್ಯನ ಕಣ್ಣಲ್ಲಿ ನಾನು ಚಾಡಿಕೋರನಾಗಿ ಉಳಿದೆನಲ್ಲ ಅನ್ನುವ ಸಂಕಟಕ್ಕೆ ಬೇರೆ ದಾರಿ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಚಾಚಾ ಹಾವೇರಿಯ ಆಸ್ಪತ್ರೆಯಲ್ಲಿದ್ದಾರೆ, ಆಸೆಯಿಲ್ಲ ಅಂತ ಪಕ್ಕದ ಹೊಲದವರು ಹೇಳಿದರು. ಸೈಕಲ್ಲಿನಲ್ಲೇ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಮನುಷ್ಯನಿಗೆ ಬೇಕಾದದ್ದು ನನ್ನ ಓಡಾಟಕ್ಕೆ ಒಂದು ಕಾರಣ. ಕಾರಣ ಕೊಟ್ಟರೆ ನಾನು ಗೂಢಚಾರನಲ್ಲ ಅಂತಾದರೂ ಆದೀತು. ಚಾಡಿಕೋರ ಅನ್ನಿಸಿಕೊಳ್ಳುವುದಕ್ಕಿಂತ ಲಫಂಗ ಅನ್ನಿಸಿಕೊಳ್ಳುವುದೇ ಮೇಲು ಅಂತ ಗಟ್ಟಿ ಮಾಡಿದೆ.

ಚಾಚಿ ಮಂಚದ ಪಕ್ಕ ಮೋಸಂಬಿ ಸುಲಿಯುತ್ತಿದ್ದರು. ಚಾಚಾ ಒಣಗಿಹೋಗಿದ್ದರು. ನಾನು ಬಗ್ಗಿ ಹೇಳಿದೆ.

"ಚಾಚಾ, ಇವತ್ತ ಖರೇ ಹೇಳ್ತೇನಿ. ಮುಂದಿನ ಹಳ್ಳ್ಯಾಗ ಒಬ್ಬಾಕಿ ಅದಾಳ್ರಿ. ಆಕಿ ಕಡೆ ಹೋಗ್ತಿದ್ದೆ."

ಚಾಚಿಯ ಕೈ ನಿಂತಿತು. ಚಾಚಾ ಎಡಗಣ್ಣು ಮುಚ್ಚಿದರು.

"ಹೆಸರೇನು?"

ಹಾಳಾದ್ದು, ಒಂದು ಹೆಸರೂ ಹೊಳೆಯಬಾರದೇ! "ಶಾಂ... ಶಾಂತವ್ವ."

"ಮನಿ ಎಲ್ಲೈತಿ?"

"ಗುಡಿ ಹಿಂದ."

"ತಿನ್ನಾಕ ಏನ ಮಾಡಿಕೊಡ್ತಿದ್ಲು?"

"ಅವಲಕ್ಕಿ."

ಚಾಚಾ ಕೆಮ್ಮುತ್ತ ಕೆಮ್ಮುತ್ತ ನಕ್ಕರು. "ತಲಿ ಮ್ಯಾಲ ಬುಟ್ಟಿಯಂಥಾ ಟೊಪ್ಪಿಗಿ ಹಾಕ್ಕೊಂಡ, ಬೆವರ ಸುರಿಸಿಕೋತ, ಅವಲಕ್ಕಿ ತಿನ್ನಾಕ ಯಾಂವರ ಹೋಗ್ತಾನೇನ್ರಿ? ನಿಮಗ ಸುಳ್ಳ ಹೇಳಾಕೂ ಬರೂದಿಲ್ಲ. ಇಂಥಾಂವ ಆಫೀಸಿಗೆ ಹೋಗಿ ಚಾಡಿ ಏನ ಹೇಳ್ಯಾನು?"

ಕೆಮ್ಮು ಇಳಿದ ಮೇಲೆ ಕೇಳಿದರು. "ಹಂಗಾರ ಖರೇನ ಸುಮ್ನ ಹೋಗ್ತಿದ್ರಿ?"

"ಹೌದ್ರಿ. ಹಾರ್ನ್ ಕೇಳೂದಿಲ್ಲಲ್ರಿ ಅಲ್ಲಿ. ತಲಿ ಹಗರ ಆಗತೈತಿ."

"ಇಷ್ಟ? ಮೊದಲ ಹೇಳೂದಿಲ್ಲೇನ್ರಿ ಮತ್ತ!"

ಮೊದಲ ದಿನದಿಂದಲೂ ಅದನ್ನೇ ಹೇಳುತ್ತಿದ್ದೆ. ಆದರೆ ವಾದಕ್ಕಿಳಿಯದೆ ಅವರ ಕೈ ಹಿಡಿದು ಕೂತೆ.

ಆ ವಾರವೇ ಚಾಚಾ ಹೋದರು. ಮಣ್ಣು ಮಾಡಿ ಬಂದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಚಾಚಿ ಬಾಗಿಲ ಬಳಿ ಬಂದು ನಿಂತರು.

"ಡ್ರೈವರ್ ಸಾಹೇಬ್ರ, ಕಡೀಕ ಅವರು ನಿಮ್ಮ ಸುದ್ದೀನ ಹೇಳಿದ್ರು, ಡ್ರೈವರ್ ಮ್ಯಾಲ ನಂಗ ಸಂಶೇ ಇಲ್ಲ ಅಂತ. ಬಾಕಿ ಎಲ್ಲಾರ ಮ್ಯಾಲೂ ಐತಿ ಅಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನ ಮ್ಯಾಲೂ."