ಟೆಲಿಫೋನ್ ಅತ್ತೆಗೆ ಬಂದ ಕರೆ

ಅತ್ತೆಯ ತಲೆಯಲ್ಲಿ, ನೆತ್ತಿಯಿಂದ ಎಡಗಿವಿಯವರೆಗೆ, ಬೆರಳಗಲದ ಒಂದು ಪಟ್ಟಿಯಲ್ಲಿ ಕೂದಲು ಸವೆದುಹೋಗಿತ್ತು. ಎಷ್ಟು ಎಣ್ಣೆ ತಿಕ್ಕಿದರೂ ಅಲ್ಲಿ ಮತ್ತೆ ಹುಟ್ಟಲಿಲ್ಲ. ಹೊಸಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಸೆಟ್ ಹಾಕಿಕೊಂಡು ಕೂತದ್ದರ ಗುರುತು ಅದು. ನಾನು ಸಣ್ಣವಳಿದ್ದಾಗ ಅವಳ ತಲೆ ಬಾಚುತ್ತ ಆ ಪಟ್ಟಿಯ ಮೇಲೆ ಬೆರಳಾಡಿಸಿದರೆ, "ಅಲ್ಲಿ ಊರ ಮಂದೆಲ್ಲಾ ಓಡಾಡ್ಯಾರ, ಹುಲ್ಲು ಹ್ಯಾಂಗ ಬೆಳೀತದ?" ಎಂದು ನಗುತ್ತಿದ್ದಳು.

ಅವಳು ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ಅಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನೂ ಅಣ್ಣನನ್ನೂ ಓದಿಸಿದ್ದು ಅವಳ ಸಂಬಳ. ಇವತ್ತು ನಾನು ಸಂಡೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರೆ, ಅಣ್ಣ ಉಕ್ಕಿನ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದರೆ, ಅದು ಅವಳ ದುಡಿಮೆ. ಊರಲ್ಲಿ ಅವಳ ಮುಖಕ್ಕಿಂತ ಧ್ವನಿಗೆ ಗುರುತು ಹೆಚ್ಚು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೌಕಾಶಿ ಮಾಡುವಾಗ ಪಕ್ಕದವರು ತಿರುಗಿ, "ನೀವು ಟ್ರಂಕ್ ಕಾಲ್ ಅಮ್ಮ ಅಲ್ಲೇನ್ರಿ?" ಎಂದು ಕೇಳುತ್ತಿದ್ದರು.

ಒಂದು ಮಳೆಗಾಲ ಡ್ಯಾಮಿನ ಗೇಟು ತೆಗೆದು, ಹೊಳೆ ಉಕ್ಕಿ ಕಂಪ್ಲಿ ಸೇತುವೆ ಮುಟ್ಟಿತ್ತಂತೆ. ಆಚೆಗೆ ಹೋದವರು ಆಚೆಗೇ ಉಳಿದರು. ಹೊಸಪೇಟೆಯಲ್ಲಿ ಅತ್ತೆ, ಸೇತುವೆಯ ಈಚೆಯ ಕಂಪ್ಲಿಯ ಎಕ್ಸ್‌ಚೇಂಜಿನಲ್ಲಿ ಇನ್ನೊಬ್ಬಾಕೆ, ಊಟವನ್ನೂ ಮರೆತು ಮನೆಮನೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಇಬ್ಬರೂ ಗೆಳತಿಯರಾದರು. ಭೇಟಿಯಾದದ್ದು ಅಪರೂಪ. ಆದರೆ ಮಾತಾಡದ ವಾರವಿಲ್ಲ. ಆ ಗೆಳತಿಯನ್ನು ಅತ್ತೆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಫೋನೆತ್ತಿ "ಏನ ಕಂಪ್ಲೀ, ಊಟಾತೇನು?" ಎನ್ನುತ್ತಿದ್ದಳು.

ಅತ್ತೆಗೆ ಎರಡು ನೇಮಗಳಿದ್ದವು. ಫೋನನ್ನು ತಾನಾಗಿ ಮೊದಲು ಇಡುತ್ತಿರಲಿಲ್ಲ. ಲೈನಿನಲ್ಲಿ ಕೇಳಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಊರಿನ ಎಷ್ಟು ಜಗಳ, ಎಷ್ಟು ಗುಟ್ಟು ಅವಳ ಕಿವಿಯಲ್ಲಿ ಹಾದಿದ್ದವೋ, ಒಂದೂ ಹೊರಗೆ ಬರಲಿಲ್ಲ.

ಅವಳನ್ನು ಹಿಡಿದವರು ಈ ಎರಡು ನೇಮಗಳಿಂದಲೇ ಹಿಡಿದರು.

ಎಪ್ಪತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಆ ಕರೆ ಬಂತು. ಬ್ಯಾಂಕಿನ ಹೆಡ್ ಆಫೀಸಿನವನಂತೆ. ತಿದ್ದಿದ ಕನ್ನಡ. "ಅಮ್ಮಾ, ನಿಮ್ಮ ಬ್ರಾಂಚಿನೊಳಗೇ ಒಬ್ಬ ಕಳ್ಳ ಇದ್ದಾನೆ. ವಯಸ್ಸಾದವರ ಖಾತೆಗೆ ಕೈ ಹಾಕ್ತಿದ್ದಾನೆ. ಅವನನ್ನ ಹಿಡಿಯೋಕೆ ನಿಮ್ಮ ಸಹಾಯ ಬೇಕು. ಮನೆಯವರಿಗೂ ಹೇಳಬೇಡಿ. ಎಲ್ಲಾ ನಿಮ್ಮ ಒಳ್ಳೇದಕ್ಕೇ."

"ನಾನು ಎಕ್ಸ್‌ಚೇಂಜಿನಾಗ ಇದ್ದಾಕಿ. ಹೇಳಂಗಿಲ್ಲ ಬಿಡಪ್ಪಾ" ಎಂದಳಂತೆ ಅತ್ತೆ.

ನಿವೃತ್ತಿಯಾದಾಗಿನಿಂದ ಯಾರೂ ಅವಳನ್ನು ಒಂದು ಕೆಲಸಕ್ಕೆ ಕರೆದಿರಲಿಲ್ಲ. ಆ ದಿನಗಳಲ್ಲಿ ಊಟ ಮುಗಿಯುತ್ತಲೇ ಇಸ್ತ್ರಿ ಸೀರೆ ಉಟ್ಟು, ಮೊಬೈಲು ಹಿಡಿದು, ತಾನಿದ್ದ ಅಣ್ಣನ ಮನೆಯ ಮಾಳಿಗೆ ಹತ್ತುತ್ತಿದ್ದಳು. ಅತ್ತಿಗೆ ಕೇಳಿದರೆ "ಡ್ಯೂಟಿ ಅದನವಾ" ಎನ್ನುವಳು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಮೇಲೆ ಅವಳು ಮೊಬೈಲಿಗೆ ಬಂದ ಓಟಿಪಿಗಳನ್ನು ಒಂದೊಂದೇ ಅಂಕಿ ಬಿಡಿಸಿ, ಹಳೆಯ ಅಭ್ಯಾಸದಂತೆ ಎರಡು ಸಲ, ಓದಿ ಹೇಳುತ್ತಿದ್ದಳು. ಉಳಿತಾಯವೂ ಡಿಪಾಸಿಟ್ಟೂ ಪೂರ್ತಿ ಖಾಲಿಯಾದವು.

ಕೊನೆಯ ದಿನ ಅವಳೇ ಕೇಳಿದಳು: "ಕಳ್ಳ ಸಿಕ್ಕನೇನಪ್ಪಾ?"

"ಇಲ್ಲಮ್ಮಾ, ನೀವು ಸಿಕ್ಕಿದ್ರಿ" ಎಂದ ಅವನು. ಹಿಂದೆ ಇನ್ನಷ್ಟು ಜನ ನಕ್ಕರು.

ಇದನ್ನು ಅವಳೇ ನನಗೆ ಹೇಳಿದಳು. "ರೊಕ್ಕ ಹೋದದ್ದು ಆಮ್ಯಾಲೆ ತಿಳೀತು. ಆ ನಗಿಯೊಳಗ ಒಬ್ಬಾಕಿ ಹೆಣ್ಣು ಧ್ವನಿ ಇತ್ತು ನೋಡು. ಆಕಿ ಯಾಕ ನಕ್ಕಳು?"

ದೂರು ಕೊಟ್ಟದ್ದಾಯಿತು, ಏನೂ ಮರಳಿ ಬರಲಿಲ್ಲ. ಆಮೇಲೆ ಅಣ್ಣ ಅವಳನ್ನು ಕಾಯಲು ನಿಂತ. ಅವಳ ಸಿಮ್ಮನ್ನು ತೆಗೆದು ತನ್ನ ಮೊಬೈಲಿಗೆ ಹಾಕಿಕೊಂಡ. ಮನೆಯವರ ನಂಬರುಗಳಿಗಷ್ಟೇ ಕರೆ ಹೋಗುವ ಗುಂಡಿ ಫೋನೊಂದನ್ನು ಕೈಗಿಟ್ಟ. "ಇನ್ನ ನಿನಗ ಬರೋ ಫೋನೆಲ್ಲಾ ನಾ ನೋಡ್ಕೋತೀನಿ. ಬೇಕಾದ್ದು ಕೊಡ್ತೀನಿ" ಎಂದ. ಅತ್ತೆ ತಲೆಯಾಡಿಸಿದಳು.

ಅಣ್ಣನ ಮೊಮ್ಮಗಳ ನಾಮಕರಣಕ್ಕೆ ಬಂಧುಗಳೆಲ್ಲ ಸೇರಿದ್ದರು. ಊಟದ ಹೊತ್ತಿಗೆ ಅತ್ತೆಯ ಗುಂಡಿ ಫೋನು ರಿಂಗಾಯಿತು. ಪಿಂಚಣಿ ಆಫೀಸಿನಿಂದ ಎಂದು ಯಾರೋ ಹುಟ್ಟಿದ ತಾರೀಖು ಕೇಳಿದರು. ಅತ್ತೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹೇಳಿದಳು. ಹೇಳುತ್ತಿದ್ದ ಹಾಗೆಯೇ ಅವಳ ಧ್ವನಿ ಒಳಕೋಣೆಯಿಂದಲೂ ಕೇಳಿಸಿತು. ಅಣ್ಣ ಮೊಬೈಲಿನ ಸ್ಪೀಕರ್ ಹಾಕಿಕೊಂಡು ಹೊರಬಂದ. ಆಚೆ ಮಾತಾಡುತ್ತಿದ್ದವನು ಅವನ ಕಾರ್ಖಾನೆಯ ಗೆಳೆಯ; ಅವನಿಂದ ಕರೆ ಮಾಡಿಸಿ ಅಣ್ಣ ತಾನೂ ಕಾನ್ಫರೆನ್ಸ್ ಕಾಲಿನಲ್ಲಿ ಸೇರಿಕೊಂಡಿದ್ದ.

"ನೋಡಿದ್ರ್ಯಾ? ಇಷ್ಟಾದ್ರೂ ಈಕಿಗೆ ಬುದ್ಧಿ ಬಂದಿಲ್ಲ" ಎಂದ ಅಣ್ಣ. ಪಂಕ್ತಿ ಪೂರ್ತಿ ನಕ್ಕಿತು. ಹೋಳಿಗೆ ಬಡಿಸುತ್ತಿದ್ದವರೂ ನಿಂತು ನಕ್ಕರು.

ಅತ್ತೆಯ ಕಿವಿಯಲ್ಲಿ ಫೋನು ಇನ್ನೂ ಇತ್ತು. ಆಚೆಯವನಿಗೆ ಮೆಲ್ಲಗೆ, "ನಿಮಗ ತ್ರಾಸ ಆತ್ರಿ, ಕ್ಷಮಿಸ್ರಿ" ಎಂದಳು. ಅವನು ಇಡುವವರೆಗೂ ಹಾಗೇ ನಿಂತಿದ್ದಳು.

ಕೆಲವು ತಿಂಗಳ ನಂತರ, ನಾನು ಹೊಸಪೇಟೆಗೆ ಬಂದಿದ್ದ ದಿನವೇ, ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಕಂಪ್ಲಿ ಗೆಳತಿಯ ಮಗಳು. ತಾಯಿಯ ತಿಥಿಗೆ ಕರೆಯಲು ಬಂದಿದ್ದಳು. ಕೂರಲು ಹೇಳಿದರೂ ಕೂರಲಿಲ್ಲ.

"ಆಸ್ಪತ್ರಿಯಿಂದ ಎಷ್ಟ್ ಸಲ ಫೋನ್ ಹಚ್ಚಿದೆನ್ರಿ. ನಿಮ್ಮ ಧ್ವನಿ ಒಂದ್ಸಲ ಕೇಳಬೇಕು ಅಂತ ನಮ್ಮವ್ವ ಭಾಳ ಹಂಬಲಿಸಿದಳು. ಯಾರೋ ಗಂಡಸರು ತಗೊಂಡು, ಆಸ್ಪತ್ರಿ ಹೆಸರು ಹೇಳಿ ರೊಕ್ಕ ಕೀಳ್ತೀರೇನಂತ ಬಾಯಿಗೆ ಬಂದಂಗ ಬೈದ್ರು. ಆಮ್ಯಾಲೆ ಕಾಲ್ ಹೋಗ್ಲೇ ಇಲ್ರಿ."

ಅಣ್ಣ ಅಲ್ಲೇ ಇದ್ದ. ಅವಳು ಹೋದ ಮೇಲೆ ಅತ್ತೆ ಅವನನ್ನು ನೋಡಿದಳು. ಕೂಗಲಿಲ್ಲ.

"ಒಂದ್ಸಲ ಫೋನ್ ನನಗ ಕೊಟ್ಟಿದ್ರ, ಆ ಹುಡುಗಿ ಧ್ವನಿ ನಾ ಗುರುತು ಹಿಡೀತಿದ್ದೆ."

"ನಿನ್ನ ಒಳ್ಳೇದಕ್ಕ ಮಾಡಿದ್ದು, ಅತ್ತಿ."

"ಆ ಬ್ಯಾಂಕಿನವನೂ ಹಂಗ ಅಂತಿದ್ದನಪ್ಪಾ."

ಆಮೇಲೆ ಅತ್ತೆ ಫೋನು ಮುಟ್ಟಲಿಲ್ಲ. ನಾನು ಸಂಡೂರಿನಿಂದ ಮಾಡಿದರೂ ಅತ್ತಿಗೆಯ ಕೈಲಿ "ಆರಾಮ ಇದ್ದಾಳಂತ ಹೇಳು" ಎಂದು ಹೇಳಿಸುತ್ತಿದ್ದಳು. ಮನೆಯಲ್ಲೂ ಮಾತು ಕಡಿಮೆಯಾಯಿತು. ಚಳಿಗಾಲ ಬರುವಷ್ಟರಲ್ಲಿ ಹಾಸಿಗೆ ಹಿಡಿದಳು. ಅಣ್ಣನ ಬಗ್ಗೆ ಸುಳ್ಳು ಹೇಳಬಾರದು. ಅವಳನ್ನು ಎತ್ತಿ ಕೂರಿಸಿದ್ದು, ಬಾಯಿಗೆ ಗಂಜಿ ಹಾಕಿದ್ದು, ಮಲಮೂತ್ರ ಬಳಿದದ್ದು ಅವನೇ. ಅವಳು ಎಲ್ಲವನ್ನೂ ಮಾಡಿಸಿಕೊಂಡಳು. ಅವನ ಜೊತೆ ಮಾತ್ರ ಮಾತಾಡಲಿಲ್ಲ.

ಅವಳು ತೀರಿಹೋದಾಗ ನೋಡಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಂದೇ ಮಾತಾಡಿದರು: "ಪಾಪ, ಫೋನಿನಾಗ ಮೋಸ ಹೋದಾಕಿ." ಉಕ್ಕಿದ ಹೊಳೆಯನ್ನಾಗಲಿ, ಅವಳು ಕಾಪಾಡಿದ ಗುಟ್ಟುಗಳನ್ನಾಗಲಿ ನೆನೆದವರು ಯಾರೂ ಇರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಬಂದವರು ಎದ್ದು ಹೋದ ಮೇಲೆ ಅಣ್ಣನ ಮೊಬೈಲು ರಿಂಗಾಯಿತು. ಅತ್ತೆಯ ಸಿಮ್ಮಿಗೆ ಬಂದ ಕರೆ. ಅವನು ಕಟ್ಟೆಯ ಮೇಲೆ ಕೂತಿದ್ದ. ಕೈಗೆ ಇನ್ನೂ ಬಡಿಸಿದ ಅನ್ನ ಅಂಟಿತ್ತು, ಹಾಗಾಗಿ ಸ್ಪೀಕರ್ ಒತ್ತಿದ. ತಿದ್ದಿದ ಕನ್ನಡದ ಧ್ವನಿಯೊಂದು ಅತ್ತೆಯ ಹೆಸರು ಹೇಳಿ, ಅಮ್ಮ ಇದ್ದಾರಾ ಎಂದು ಕೇಳಿತು.

"ತೀರಿಕೊಂಡ್ರು" ಎಂದ ಅಣ್ಣ.

ಆಚೆಯವನು ಲೊಚಗುಟ್ಟಿದ. "ಅಯ್ಯೋ, ದೇವರೇ. ತುಂಬಾ ದೊಡ್ಡ ಮನಸ್ಸು ಸಾರ್ ಅವರದ್ದು. ನೀವು ಧೈರ್ಯ ತಂದ್ಕೋಬೇಕು." ಅಷ್ಟು ಹೇಳಿ ಧ್ವನಿ ತಗ್ಗಿಸಿದ. "ಅವರ ಪಿಂಚಣಿ ಬಾಕಿ ಒಂದಿಷ್ಟು ಉಳಿದಿದೆ ಸಾರ್. ನಾಮಿನಿ ನೀವೇನಾ?"

"ಹೌದ್ರಿ, ನಾನೇ" ಎಂದ ಅಣ್ಣ. ತನ್ನ ಪೂರ್ತಿ ಹೆಸರನ್ನೂ ಹೇಳಿದ. ಆಧಾರ್ ನಂಬರು ಕೇಳಿದಾಗ ಅದನ್ನೂ ಹೇಳತೊಡಗಿದ. ನಾನು ಓಡಿಬಂದು ಕೈಯಿಂದ ಮೊಬೈಲು ಕಿತ್ತು ಕರೆ ಕಡಿದೆ.

ಅಣ್ಣ ನನ್ನನ್ನು ಬೈಯಲಿಲ್ಲ. ಅನ್ನ ಅಂಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಅತ್ತೆ ಸತ್ತ ದಿನವೂ ಅಳದಿದ್ದವನು, ಅಳುತ್ತ ಹೇಳಿದ:

"ಬಂದ ಮಂದಿಯೊಳಗ ಒಬ್ಬರೂ ಅಷ್ಟು ಛಲೋ ಮಾತಾಡ್ಲಿಲ್ಲವಾ. ಅವನಿಗೆ ಖರೇನ ದುಃಖ ಆಗ್ಯದ ಅನ್ನಿಸ್ತು."