ಗುದ್ದು ಬೀಳದ ಬೆನ್ನು

ಅರಿವಳಿಕೆ ಕೊಟ್ಟ ಮೇಲೆ ಅಕ್ಕನಿಗೆ ಎಚ್ಚರವಾಗದೇ ಹೋಗಬಹುದಿತ್ತು. ಎದೆಯೊಳಗೆ ಕ್ಯಾಮೆರಾ ಇಳಿದಿರುವಾಗಲೇ ಕರೆಂಟು ಹೋಗಬಹುದಿತ್ತು. ಎಡಕ್ಕೆ ಹಾಕಬೇಕಾದ ತೂತನ್ನು ಬಲಕ್ಕೆ ಹಾಕಬಹುದಿತ್ತು. ಪಕ್ಕೆಗೆ ಸೇರಿಸಿದ ಪೈಪು ಮಗ್ಗಲು ಬದಲಿಸುವಾಗ ಕಿತ್ತು ಬರಬಹುದಿತ್ತು. ನೋಡಲು ಬಂದ ನೆಂಟರ ಕಾಲಿಗೆ ತಾಗಿ ಮಂಚದ ಕೆಳಗಿನ ಬಾಟಲಿ ಉರುಳಬಹುದಿತ್ತು. ಅದಕ್ಕೂ ಮೊದಲು, ಕಲಬುರಗಿ ಮುಟ್ಟುವ ಮುನ್ನ ಜೀಪಿನ ಟೈರು ಒಡೆಯಬಹುದಿತ್ತು. ಶಹಾಪುರ ದಾಟುವ ತನಕ ನಾನು ಅದರ ಸದ್ದನ್ನೇ ಕೇಳುತ್ತ ಕೂತಿದ್ದೆ. ಚಿಂತೆ ಮಾಡುವುದಕ್ಕೆ ಸರ್ಕಾರ ಸಂಬಳ ಕೊಡುತ್ತಿದ್ದರೆ ನಾನು ಇಷ್ಟೊತ್ತಿಗೆ ಚೀಫ್ ಎಂಜಿನಿಯರ್ ಆಗಿರುತ್ತಿದ್ದೆ. ಅದು ಕೊಟ್ಟದ್ದು ಕಾಲುವೆಯ ಗೇಜು ಓದುವುದಕ್ಕೆ.

ನಾರಾಯಣಪುರದಿಂದ ಬರುವ ಕಾಲುವೆಯ ಒಂದು ಗೇಟಿನ ಹತ್ತಿರ ದಿನಕ್ಕೆ ಎರಡು ಸಲ ನೀರಿನ ಮಟ್ಟ ನೋಡಿ ಬರೆದಿಡುವ ಕೆಲಸ ನನ್ನದು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಮಗೆ ಮಗಳು ಹುಟ್ಟಿದಳು, ಶಹಾಪುರದಲ್ಲಿ, ಹೆಂಡತಿಯ ತವರಿನಲ್ಲಿ. ಅದೇ ವಾರ ರಂಗಂಪೇಟೆಯಲ್ಲಿ ನನ್ನ ಅಕ್ಕ ಜ್ವರ ಹಿಡಿದು ಮಲಗಿದಳು. ಭತ್ತದ ಕೆಸರಿನಲ್ಲಿ ನಿಂತು ಕಳೆ ಕಿತ್ತದ್ದಕ್ಕೆ ಶೀತವಾಗಿದೆ ಅಂದುಕೊಂಡೆವು. ಅದು ನ್ಯುಮೋನಿಯಾ ಆಗಿ, ಎಡ ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವೆ ಕೀವು ತುಂಬಿಕೊಂಡಿತ್ತು.

ಅಕ್ಕನಿಗೆ ಕೀವಿನ ಚಿಂತೆ ಇರಲಿಲ್ಲ, ತೊಟ್ಟಿಲಿನ ಚಿಂತೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿ "ಕುರ್ರ್" ಅನ್ನಬೇಕು. ಅನ್ನುವಾಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಗುದ್ದು ಜೋರಾದಷ್ಟೂ ನಗೆ ಜೋರು. ಅಕ್ಕನಿಗೆ ನಾನೊಬ್ಬನೇ ತಮ್ಮ. ಬೇರೆಯವರ ಬೆನ್ನಿಗೆ ಗುದ್ದುತ್ತಲೇ ಅವಳು ಹನ್ನೊಂದು ವರ್ಷ ಕಾದಿದ್ದಳು.

"ಓಣ್ಯಾಗಿನ ಅತ್ತೆರಿಗೆಲ್ಲ ಗುದ್ದೇನಿ. ನನ್ನ ಬೆನ್ನು ಯಾವಾಗ ಸಿಗ್ತದಂತ ಎಲ್ಲಾರೂ ಹಲ್ಲು ಕಡಕೊಂಡು ಕುಂತಾರ," ಎಂದು ಕೆಮ್ಮಿನ ನಡುವೆಯೇ ನಗುತ್ತಿದ್ದಳು.

ಕಲಬುರಗಿಯ ಡಾಕ್ಟರು ಸ್ಕ್ಯಾನ್ ನೋಡಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಎರಡು ದಾರಿ ಅವ. ಪಕ್ಕೀಗೆ ಪೈಪ್ ಹಾಕಿ ಕೀವು ಹೊರಗ ಬಿಡೂದು ಒಂದು. ಪೂರಾ ಬೇಹೋಷ್ ಮಾಡೂದು ಬ್ಯಾಡ. ಆದ್ರ ಒಳಗ ಕೀವು ಗಟ್ಟಿಯಾಗಿ ಜೇನುಹುಟ್ಟಿನಂಗ ಖೋಲಿ ಖೋಲಿ ಆಗ್ಯದ, ಅಷ್ಟೂ ಬರ್ತದಂತ ಹೇಳಾಕ ಬರೂದಿಲ್ಲ. ಇನ್ನೊಂದು, ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು, ಆ ಖೋಲಿ ಒಡದು ತೊಳದು ತಗಿಯೂದು. ಅದಕ್ಕ ಬೇಹೋಷ್ ಮಾಡಬೇಕು. ಜೀವದ ಮಾತಿಗೆ ಬಂದ್ರ ಎರಡಕ್ಕೂ ಭಾಳ ಫರಕಿಲ್ಲ. ಎರಡನೇದ್ರಾಗ ಮನಿಗೆ ಲಗೂ ಹೋಗಬಹುದು. ನನ್ನ ಕೇಳಿದ್ರ ಅದೇ ಛಲೋ."

"ಲಗೂ ಮುಗಿಯೂದು ಮಾಡ್ರಿ ಸಾಹೇಬ್ರ, ಕೂಸಿಗೆ ಹೆಸರಿಡೂದದ," ಅಂದಳು ಅಕ್ಕ.

ನಾನು ಎಚ್ಚರ ತಪ್ಪಿಸುವ ಆ "ಬೇಹೋಷ್" ಅನ್ನುವ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ. "ಆಪರೇಷನ್ ಬ್ಯಾಡ್ರಿ, ಪೈಪ್ ಹಾಕ್ರಿ," ಅಂದೆ. ಅಕ್ಕ ನನ್ನ ಮುಖ ನೋಡಿದಳು. "ಓದಿದಾಂವ ನೀನು. ನೀ ಅಂದಂಗ ಆಗ್ಲಿ," ಅಂದಳು. ಅಲ್ಲಿಗೆ ಅವಳ ಎದೆಯ ವಿಚಾರ ನನ್ನ ಅಂಜಿಕೆಯ ವಶಕ್ಕೆ ಬಂತು.

ಪೈಪು ಹಾಕಿದ ದಿನ ಬಾಟಲಿ ಭರ್ತಿಯಾಯಿತು. ಅದರ ಮೈಮೇಲೆ ಗೇಜು ಪಟ್ಟಿಯಂತೆಯೇ ಗೆರೆಗಳು. ನನ್ನ ಕೈ ಸುಮ್ಮನಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಗ್ಗಿ ನೋಡಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಆರನೆಯ ದಿನ ಹೆಂಡತಿಗೆ ಫೋನು ಮಾಡಿ "ಬತ್ತ್ಯದ, ದಿನ ಗೊತ್ತು ಮಾಡ್ರಿ" ಎಂದೂ ಹೇಳಿಬಿಟ್ಟೆ. ಜ್ವರ ಮಾತ್ರ ಇಳಿದಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದರೆ ಕೀವು ಇದ್ದಲ್ಲೇ ಇತ್ತು, ಮೊದಲಿಗಿಂತ ಗಟ್ಟಿಯಾಗಿ.

ಅಕ್ಕ ತಲೆದಿಂಬಿಗೆ ಒರಗಿ ಹೇಳಿದಳು: "ಗೇಜ್ ಇಳದ್ರ ನೀರು ಕಡಿಮಿ ಆತಂತ ತಿಳೀಬಾರ್ದು, ಮ್ಯಾಲೆ ಎಲ್ಲೋ ಹೂಳು ತುಂಬಿರ್ತದ ಅಂತ ನೀನೇ ಹೇಳ್ತಿದ್ದೆಲ್ಲೋ, ತಮ್ಮಾ? ಕಾಲುವಿಗೆ ಒಂದು ನ್ಯಾಯ, ಅಕ್ಕಗ ಒಂದು ನ್ಯಾಯ ಏನು?"

ಇಪ್ಪತ್ತು ವರ್ಷ ಗೇಜು ಓದಿದ ನಾನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡೆ. ಒಂಬತ್ತನೆಯ ದಿನ ಕ್ಯಾಮೆರಾ ಇಳಿಸಿಯೇ ಸ್ವಚ್ಛ ಮಾಡಿದರು. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ. ಕರೆಂಟು ಹೋಗಲಿಲ್ಲ, ಅಕ್ಕನಿಗೆ ಎಚ್ಚರವೂ ಆಯಿತು, ಎಚ್ಚರಾದವಳೇ "ಚಾ ಸಿಗ್ತದೇನು?" ಎಂದು ಕೇಳಿದಳು.

ಬೀಗರು ತೊಟ್ಟಿಲಿನ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿದ್ದರು. ಮೂರನೆಯ ಸಲ ಹಾಕಲು ಒಪ್ಪಲಿಲ್ಲ. ಮೊದಲೇ ಅಕ್ಕನ ಮಾತು ಕೇಳಿದ್ದರೆ ಅಷ್ಟೊತ್ತಿಗೆ ಗಾಯ ಪೂರ್ತಿ ಮಾಗಿರುತ್ತಿತ್ತು. ದವಾಖಾನೆಯಿಂದ ಹೊರಡುವಾಗ ಅವಳು ಡಾಕ್ಟರನ್ನೇ ಕೇಳಿದಳು: "ಬೆನ್ನಿಗೆ ಗುದ್ದಿಸ್ಕೋಬಹುದೇನ್ರಿ?" ಅವರಿಗೆ ಪದ್ಧತಿಯೆಲ್ಲ ವಿವರಿಸಿದಳು. ಅವರು ನಕ್ಕು, "ಬಲಗಡೆ ಮೆಲ್ಲಕ ಎರಡು ಬಿದ್ರ ಏನೂ ಆಗೂದಿಲ್ಲ, ಯವ್ವಾ" ಅಂದರು. ಡಾಕ್ಟರಿಗೆ ಎದೆ ಗೊತ್ತು, ನಮ್ಮ ಹೆಣ್ಣುಮಕ್ಕಳ ಕೈ ಗೊತ್ತಿಲ್ಲ ಎಂದುಕೊಂಡೆ ನಾನು. ತೊಟ್ಟಿಲಿನ ಹಿಂದಿನ ದಿನವೇ ಶಹಾಪುರಕ್ಕೆ ಹೋಗಿ ನನ್ನ ಅತ್ತೆಯಿಂದ ಹಿಡಿದು ನೆರೆಮನೆಯವರ ತನಕ ಒಬ್ಬೊಬ್ಬರಿಗೂ ಕೈಮುಗಿದು ಹೇಳಿ ಬಂದೆ: "ಅಕ್ಕನ ಬೆನ್ನು ಮುಟ್ಟಬ್ಯಾಡ್ರಿ." ಅಕ್ಕನಿಗೆ ಮಾತ್ರ ಹೇಳಲಿಲ್ಲ.

ನನಗೆ ಮತ್ತೆ ಮಕ್ಕಳಾಗಲಿಲ್ಲ. ನಮ್ಮ ಮನೆತನದಲ್ಲಿ ಅಕ್ಕ ಬಗ್ಗಿದ ತೊಟ್ಟಿಲು ಅದೊಂದೇ.

ಆ ದಿನ ಅಕ್ಕ ಹಸಿರು ಸೀರೆ ಉಟ್ಟು ಬಂದಿದ್ದಳು. ಎಡಗೈಯಿಂದ ಪಕ್ಕೆ ಹಿಡಿದುಕೊಂಡು ಬಗ್ಗಿದಳು, ಹೆಸರು ಹೇಳಿದಳು, "ಕುರ್ರ್" ಅಂದಳು. ಹಿಂದೆ ನಿಂತವರ ಮುಷ್ಟಿಗಳು ಸೊಂಟದ ಎತ್ತರಕ್ಕೆ ಬಂದು ಅಲ್ಲೇ ನಿಂತವು. ಎಲ್ಲರೂ ಬಾಗಿಲಲ್ಲಿದ್ದ ನನ್ನತ್ತ ನೋಡಿದರು. ಅಕ್ಕ ಇನ್ನೊಮ್ಮೆ "ಕುರ್ರ್" ಅಂದಳು, ಬಲಗಡೆಯ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಚಾಚಿ. ಯಾರೋ ಅವಳ ಸೆರಗು ಸರಿಮಾಡಿದರು, ಅಷ್ಟೇ. ಮೂರನೆಯ ಸಲ ಅಂದು, ಮಗುವಿನ ಮುಖದ ಹತ್ತಿರವೇ ಮುಖ ಇಟ್ಟು, ಇನ್ನೂ ಒಂದಷ್ಟು ಹೊತ್ತು ಹಾಗೆಯೇ ಬಗ್ಗಿ ಕಾದಳು. ಒಬ್ಬರೂ ಗುದ್ದಲಿಲ್ಲ.