ತಮ್ಮನ ಸರದಿ

"ನಾನು ತಂತಿ ಮೀಟಿದ್ರೆ ಅಲಬಾಮಾದ ಕಪ್ಪೆಗಳೆಲ್ಲ ಬಾಯಿ ಮುಚ್ಕೋತವೆ, ನನ್ನ ಹಾಡಲ್ಲಿ ಮೌನ ಅನ್ನೋದೇ ಇಲ್ಲ" ಎಂಬುದು ಗಿಟಾರಿನ ವರ್ಲನ್ ಟಿಡ್‌ವೆಲ್‌ನ ಬಡಾಯಿ. ಅವನು ಶುರುಮಾಡಿದರೆ ಕೇಳುಗರು ಮನೆಗೆ ಹೋಗಿ, ಹುರಿದ ಬೆಂಡೆಕಾಯಿ ತಿಂದು, ನಿದ್ದೆ ಮುಗಿಸಿ ಬಂದರೂ ಅದೇ ಹಾಡು ನಡೆದಿರುತ್ತದೆ. ಬೆವರಿಗೆ ಬಣ್ಣಗೆಟ್ಟ ಹ್ಯಾಟನ್ನು ಚರ್ಚಿನಲ್ಲಿ ಮಾತ್ರ ತೆಗೆಯುವ ಮನುಷ್ಯ. ಅಮೆರಿಕದ ದಕ್ಷಿಣ ಸೀಮೆಯ ರಾಕ್ ಸಂಗೀತ ಎಂದರೆ ಜೋಡಿ ಗಿಟಾರು ಬೇಕೇ ಬೇಕು. ಅವನ ಜೋಡಿಯಾಗಿದ್ದ ತಮ್ಮ ಡೋಯ್ಲ್, ಇಬ್ಬರೂ ಸೇರಿ ಕಟ್ಟಿದ ಹೊಸ ಬ್ಯಾಂಡಿನ ಮೊದಲ ಆಲ್ಬಮ್ ಮುಗಿಯುವ ಮೊದಲೇ ತೀರಿಕೊಂಡ. ಕೊನೆಯ ಹಾಡಿನ ಧ್ವನಿಮುದ್ರಣದಲ್ಲಿ ತಮ್ಮ ಒಬ್ಬನೇ ನುಡಿಸಬೇಕಿದ್ದ ಸರದಿ ಬಂದಾಗ ವರ್ಲನ್ ಗಿಟಾರಿನಿಂದ ಕೈ ತೆಗೆದು, ಹ್ಯಾಟನ್ನೂ ತೆಗೆದು, ಸುಮ್ಮನೆ ನಿಂತುಬಿಟ್ಟ. "ಅಣ್ಣಾ, ಅಲ್ಲಿ ಖಾಲಿ ಹೊಡೀತಿದೆ. ಆಲ್ಬಮ್ ಹೊರಗೆ ಬಂದ್ರೆ ಜನ ನಗ್ತಾರೆ, ಬೇರೆ ಯಾರನ್ನಾದ್ರೂ ಕರೆಸಿ ತುಂಬಿಸೋಣ" ಎಂದ ಧ್ವನಿಮುದ್ರಕ. "ಬೇಡ ಬಿಡಪ್ಪ. ಬದುಕಿದ್ದಾಗಲೂ ಅವನು ತಡವಾಗೇ ಬರ್ತಿದ್ದ. ಜಾಗ ಇನ್ನೊಬ್ಬನಿಗೆ ಕೊಟ್ರೆ, ಬಂದಾಗ ಅವನೆಲ್ಲಿ ನಿಂತ್ಕೋಬೇಕು?"